ಟ್ಯಾಕ್ಸ್ ಫ್ರೀ ಎಂದು ನಾನು ಆರಿಸಿದ ಖಾತೆ

ಮೂರು ಬ್ಯಾಂಕುಗಳ ಕರಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದು ವಾರ ಕೂತು ನಾನೇ ಆರಿಸಿದ ಖಾತೆ ಅದು. ಮಗಳಿಗೆ ಆಗ ಎಂಟು ವರ್ಷ. ಅಮೆರಿಕದ ಪ್ಲೇನ್ಸ್‌ಬರೋದ ಬಾಡಿಗೆ ಮನೆಯಲ್ಲಿ ದುಡಿಯುವುದು ಯಜಮಾನರ ಕೆಲಸ, ಅವಳ ಕಾಲೇಜಿಗೆಂದು ಉಳಿಸುವುದು ನನ್ನದು. ಇಲ್ಲಿಯ ಬ್ಯಾಂಕು ಕೊಡುವ ಬಡ್ಡಿ ಒಗ್ಗರಣೆಗೂ ಸಾಲದು. ಮೈಸೂರಿನ ಬ್ಯಾಂಕೊಂದು ನಮ್ಮಂಥ ಅನಿವಾಸಿಗಳಿಗೆಂದೇ ಇಟ್ಟಿದ್ದ ಠೇವಣಿಯಲ್ಲಿ ಬಡ್ಡಿ ಹೆಚ್ಚು. ಜೊತೆಗೆ ಕರಪತ್ರದ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಟ್ಯಾಕ್ಸ್ ಫ್ರೀ’.

“ರೀ, ಸೈನ್ ಹಾಕೋ ಮುಂಚೆ ಒಂದ್ಸಲ ಓದಿ ನೋಡಿ.”

“ಬೆಂಡೇಕಾಯಿನೇ ಒಂದೊಂದಾಗಿ ತುದಿ ಮುರಿದು ನೋಡಿ ತಗೊಳ್ಳೋಳು ನೀನು. ಬ್ಯಾಂಕ್ ನೋಡ್ದೇ ಬಿಟ್ಟಿರ್ತೀಯಾ? ಕೊಡು ಇಲ್ಲಿ.”

ಪ್ರತಿ ವರ್ಷ ತೆರಿಗೆ ತುಂಬುವವಳೂ ನಾನೇ. ಸಾಫ್ಟ್‌ವೇರ್ ಕೇಳುತ್ತಿತ್ತು: ವಿದೇಶದಲ್ಲಿ ನಿಮಗೆ ಖಾತೆ ಇದೆಯೇ? ‘ಇಲ್ಲ’ ಎಂದು ಒತ್ತುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆಂದು ಒಮ್ಮೆಯೂ ಅನ್ನಿಸಲಿಲ್ಲ. ವಿದೇಶದ ಖಾತೆಯೆಂದರೆ ನನ್ನ ಮಟ್ಟಿಗೆ ಕಪ್ಪುಹಣದವರದು. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಬೀದಿಯ ತಿರುವಿನಲ್ಲೇ ಇರುವ ಬ್ಯಾಂಕು ವಿದೇಶ ಹೇಗಾದೀತು? ಬಡ್ಡಿಯನ್ನೂ ತೋರಿಸಲಿಲ್ಲ. ತೆರಿಗೆಯೇ ಇಲ್ಲದ್ದನ್ನು ಯಾರಿಗೆ ಏಕೆ ಹೇಳಬೇಕು?

ಈ ವಸಂತದಲ್ಲಿ ಮಗಳಿಗೆ ಅವಳು ಬಯಸಿದ ಕಾಲೇಜೇ ಸಿಕ್ಕಿತು. ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ದುಡ್ಡು ತರಿಸುವ ಕ್ರಮ ಕೇಳಲೆಂದು ಪಾರ್ಸಿಪನಿ ಊರಿನ ಅಕೌಂಟೆಂಟ್ ಒಬ್ಬರ ಬಳಿಗೆ ಹೋದೆ. ಧಾರವಾಡ ಕಡೆಯವರು, ವಯಸ್ಸಾದವರು. ಕಾಗದಗಳನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

“ಅಕ್ಕಾರ, ಟ್ಯಾಕ್ಸ್ ಫ್ರೀ ಖರೇ. ಆದ್ರ ಅಲ್ಲಿ ಫ್ರೀ. ಇಲ್ಲಿ ಬಡ್ಡಿ ತೋರಸಬೇಕಾಗಿತ್ತು, ಖಾತೆ ಐತಿ ಅಂತ ಬ್ಯಾರೆ ಫಾರ್ಮ್‌ನ್ಯಾಗ ಹೇಳಬೇಕಾಗಿತ್ತು. ನೀವು ನೋಡಿದ್ರ ಪ್ರತಿ ವರ್ಷ ಇಲ್ಲ ಅಂತ ಒತ್ತೀರಿ.”

“ಗೊತ್ತಿರ್ಲಿಲ್ಲ ಸರ್.”

“ಗೊತ್ತಿರಲಿಲ್ಲ ಅನ್ನೂದನ್ನೂ ಬರದು ಸೈನ್ ಮಾಡಿ ಕೊಡಬೇಕ್ರಿ. ಸರ್ಕಾರದವ್ರು ನಂಬಿದ್ರ ದಂಡ ಕಡಿಮಿ. ತಿಳಿದೇ ಮಾಡೀರಿ ಅಂದ್ರ ಖಾತೆದಾಗಿನ ಅರ್ಧಾ ರೊಕ್ಕಾನೂ ಹೋಗಬಹುದು. ಎಲ್ಲಾ ಮುಗಿಯೂತನಕ ಆ ರೊಕ್ಕ ನಿಮ್ಮದು ಅಂತ ಲೆಕ್ಕಾ ಹಿಡೀಬ್ಯಾಡ್ರಿ.”

ಆ ಹಣವಿಲ್ಲದೆ ಆ ಕಾಲೇಜಿಲ್ಲ. ಮನೆಗೆ ಬಂದು ಅಕ್ಕಿ ತೊಳೆದಿಟ್ಟು ಮಗಳನ್ನು ಕರೆದೆ.

“ಸೋ ಐ ಕಾಂಟ್ ಗೋ?”

“ಈ ವರ್ಷ ಆಗಲ್ಲ ಪುಟ್ಟಿ.”

“ಬಟ್ ಯು ಸೇವ್ಡ್, ಅಮ್ಮಾ. ಯು ಆಲ್ವೇಸ್ ಸೆಡ್ ಯು ಸೇವ್ಡ್.”

ಯಜಮಾನರು ಒಳಗಿನಿಂದ ಬಂದು, “ಸೈನ್ ಹಾಕಿದ್ದು ನಾನು ಕಣಮ್ಮ, ಅಮ್ಮನ್ನ ಏನೂ ಅನ್ಬೇಡ” ಎಂದರು. ಅವರಾದರೂ ನಾಲ್ಕು ಮಾತು ಬೈದಿದ್ದರೆ ಅಳುವುದಕ್ಕೊಂದು ನೆಪವಾಗುತ್ತಿತ್ತು.

ಆಗಸ್ಟ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನ ಮಕ್ಕಳೆಲ್ಲ ಕಾಲೇಜಿಗೆ ಹೊರಟರು. ಕಾರುಗಳ ಡಿಕ್ಕಿಯ ತುಂಬ ದಿಂಬು, ಟೇಬಲ್ ಲ್ಯಾಂಪು, ಪುಟ್ಟ ಫ್ರಿಜ್ಜು, ಉಪ್ಪಿನಕಾಯಿಯ ಬಾಟಲಿ. ನಮ್ಮವಳು ಕೆಳಗಿಳಿದು ಎದುರುಮನೆಯ ಗೆಳತಿಯ ಪೆಟ್ಟಿಗೆಗಳನ್ನು ಎತ್ತಿಕೊಟ್ಟಳು, ನಗುನಗುತ್ತಲೇ ಕೈಬೀಸಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಗೊತ್ತಿರಲಿಲ್ಲವೆಂದು ಬರೆದು ಸೈನ್ ಮಾಡಿಕೊಟ್ಟ ಅರ್ಜಿ ಹೋಗಿ ತಿಂಗಳುಗಳಾಗಿದ್ದವು, ದಂಡದ ಬಗ್ಗೆ ಸರ್ಕಾರದಿಂದ ಇನ್ನೂ ಒಂದು ಸಾಲೂ ಬಂದಿರಲಿಲ್ಲ.

ಮೇಲೆ ಬಂದವಳು ಚಪ್ಪಲಿ ಬಿಟ್ಟು, ನನ್ನ ಮುಖ ನೋಡದೆ, ಮರುದಿನ ಶುರುವಾಗಲಿದ್ದ ಮನೆಯಿಂದಲೇ ಹೋಗಿಬರುವ, ಕಡಿಮೆ ಫೀಸಿನ ಇಲ್ಲಿನ ಕಮ್ಯುನಿಟಿ ಕಾಲೇಜಿನ ಮಾತೆತ್ತಿದಳು.

“ಕ್ಯಾನ್ ಯು ಡ್ರಾಪ್ ಮಿ ಅಟ್ ಏಯ್ಟ್?”

“ಆಯ್ತು” ಎಂದೆ.