ಮೂವತ್ತೆರಡು ಜಿಬಿಯ ಕಾರ್ಡು

ಬಂಗಾರಪೇಟೆ ತಾಲ್ಲೂಕಿನ ಜಯರಾಮಪ್ಪ ಹಸು ಕಟ್ಟಿ ಬದುಕಿದವರು. ಐವತ್ತು ದಾಟಿದ ಮೇಲೆ ಅವರಿಗೆ ಫೋಟೋ ಹುಚ್ಚು ಹತ್ತಿತು. ನಂದಿದುರ್ಗ ಚಿನ್ನದ ಗಣಿಯ ಲೈನುಮನೆಯಲ್ಲಿದ್ದ ಗೆಳೆಯ ಆಂಜಿನಪ್ಪ ಊರು ಬಿಡುವಾಗ ತನ್ನ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಕೊಟ್ಟು ಹೋಗಿದ್ದ. ಜಯರಾಮಪ್ಪ ಕರು ತೆಗೆದರು, ಹುಣಸೆಮರ ತೆಗೆದರು, ರಾಗಿ ಕೇರುತ್ತಿದ್ದ ಹೆಂಡತಿ ಮುನಿರತ್ನಮ್ಮನನ್ನು ತೆಗೆದರು. ತಾಯಿ ಚಿಕ್ಕಮುನಿಯಮ್ಮ ಮಾತ್ರ ಕ್ಯಾಮೆರಾ ಕಂಡರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ಒಬ್ಬರೇ ಕೂತು ತೆಗೆಸಿಕೊಂಡ ಫೋಟೋಗೆ ಬೇಗ ಹಾರ ಬೀಳುತ್ತದೆ ಎಂಬ ಭಯ. ಅಮ್ಮನ ಒಂದು ಫೋಟೋವಾದರೂ ತೆಗೆಯಬೇಕೆಂಬುದೇ ಜಯರಾಮಪ್ಪನ ಆಸೆಯಾಗಿತ್ತು.

ವರ್ಷದೊಳಗೆ ಕ್ಯಾಮೆರಾದಲ್ಲಿದ್ದ ಚಿಕ್ಕ ಕಾರ್ಡು ತುಂಬಿತು. ಬಂಗಾರಪೇಟೆಯಲ್ಲಿ ಸುಧಾಕರ್ ಎಂಬವನ ಮೊಬೈಲ್ ಅಂಗಡಿಗೆ ಹೋಗಿ, ಇರುವುದರಲ್ಲಿ ದೊಡ್ಡ ಕಾರ್ಡು ಕೊಡಿ ಎಂದರು. ಸುಧಾಕರ್ ಕ್ಯಾಮೆರಾವನ್ನು ತಿರುಗಿಸಿ ನೋಡಿ, ಎಂಟು ಜಿಬಿಯದನ್ನು ಮುಂದಿಟ್ಟ.

"ನಿಮ್ಗ್ಯಾಕಣ್ಣ ಅಷ್ಟು ದೊಡ್ದು? ನೀವು ತೆಗಿಯೋದು ಅಸ, ಕರ. ಇದೇ ಜಾಸ್ತಿ. ಒಳ್ಳೆ ಕಂಪನೀದು."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಜಯರಾಮಪ್ಪ ಆ 'ಯಾಕೆ'ಯನ್ನು ಬಾಲ್ಯದಿಂದ ಕೇಳಿಕೊಂಡು ಬಂದಿದ್ದರು. ಏಳನೇ ಕ್ಲಾಸಿನ ನಂತರ ಹೈಸ್ಕೂಲು ನಿನಗ್ಯಾಕೆ ಎಂದಿದ್ದರು ಮೇಷ್ಟ್ರು. ಕಚೇರಿಯಲ್ಲಿ ಅರ್ಜಿಯ ನಕಲು ಕೇಳಿದರೆ, ಓದೋಕೆ ಬರದವನಿಗೆ ಯಾಕೆ ಎಂದಿದ್ದ ಗುಮಾಸ್ತ. ಓದಲು ಅವರಿಗೆ ಬರುತ್ತಿತ್ತು. ಎಂಟು ಜಿಬಿಯ ಕಾರ್ಡನ್ನು ಮೇಜಿನ ಮೇಲೇ ಬಿಟ್ಟು ಹೊರಬಂದರು. ರೈಲ್ವೆ ಸ್ಟೇಷನ್ ಎದುರು ಚೀಲ ಹಾಸಿ ಮಾರುತ್ತಿದ್ದವನ ಹತ್ತಿರ ಮೂವತ್ತೆರಡು ಜಿಬಿಯದು ಸಿಕ್ಕಿತು. ಯಾಕೆ ಎಂದು ಅವನು ಕೇಳಲಿಲ್ಲ.

ಒಂದೂವರೆ ವರ್ಷ ಆ ಕಾರ್ಡಿನಲ್ಲಿ ಫೋಟೋಗಳು ಬೀಳುತ್ತಲೇ ಹೋದವು. ಚಿಕ್ಕಮುನಿಯಮ್ಮ ಕೈಯಾರೆ ಸಾಕಿದ ಕಡಸು ಕರು ಹಾಕಿದ ದಿನ, ಆ ಖುಷಿಯಲ್ಲಿ ತಾವೇ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡರು. "ಒಂದೇ ತೆಗಿ. ಇನ್ನೊಂದು ಕೇಳ್ಬ್ಯಾಡ."

ತೆಗೆದ ತಕ್ಷಣ ಪರದೆಯ ಮೇಲೆ ಚಿತ್ರ ಮೂಡಿತು. ಮುದುಕಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ನಮ್ಮವ್ವನ ತರಾನೇ ಆಗೋಗಿದೀನಲ್ಲೋ," ಎಂದರು. ಅವರ ಅವ್ವನ ಫೋಟೋ ಎಲ್ಲೂ ಇರಲಿಲ್ಲ. ನಾಲ್ಕು ದಿನ ಬಿಟ್ಟು, ಅದನ್ನು ತೊಳೆಸಿ ತಂದು ಕೊಡು ಎಂದು ಕೇಳಿದರು.

"ಇನ್ನೂ ಬೇಜಾನ್ ಜಾಗ ಐತೆ ಬಿಡಮ್ಮ. ತುಂಬ್ಲಿ, ಎಲ್ಲಾ ಒಟ್ಗೇ ತೊಳ್ಸಾನ."

ಮತ್ತೆರಡು ಸಲ ಕೇಳಿದರು. ಆಮೇಲೆ ಕೇಳಲಿಲ್ಲ. ಮಾಗಿ ಚಳಿಯಲ್ಲಿ ಜ್ವರ ಬಂದು ಹೋಗಿಬಿಟ್ಟರು.

ಮಾರನೆಯ ದಿನ ಜಯರಾಮಪ್ಪ ಕಾರ್ಡನ್ನು ಬಂಗಾರಪೇಟೆಯ ಸ್ಟುಡಿಯೋಗೆ ಒಯ್ದರು. ಮೊದಲ ಒಂದು ವರ್ಷದ ಕರುಗಳು, ಮರಗಳು ಕಂಪ್ಯೂಟರಿನಲ್ಲಿ ಸರಿಯಾಗಿ ಬಂದವು. ನಂತರದವೆಲ್ಲ ಬೂದು ಚೌಕಗಳು. ಅಮ್ಮ ಕೂತಿದ್ದ ದಿನದ ತಾರೀಖಿತ್ತು, ಗಂಟೆಯಿತ್ತು, ಅಮ್ಮ ಇರಲಿಲ್ಲ. ಇದು ನಕಲಿ ಕಾರ್ಡು ಎಂದು ಸ್ಟುಡಿಯೋದವನು ವಿವರಿಸಿದ: ಮೇಲೆ ಮೂವತ್ತೆರಡು ಅಂತ ಅಚ್ಚು ಹಾಕಿದ್ದಾರೆ, ಒಳಗೆ ಎರಡು ಜಿಬಿಯೂ ಇಲ್ಲ. ಅದು ತುಂಬಿದ ಮೇಲೆ ತೆಗೆದದ್ದು ಯಾವುದೂ ಉಳಿದಿಲ್ಲ. ತೆಗೆದ ಕೂಡಲೇ ಪರದೆಯ ಮೇಲೆ ಕಾಣುವುದು ಕ್ಯಾಮೆರಾ ತೋರಿಸುವ ಚಿತ್ರ, ಕಾರ್ಡಿನದಲ್ಲ. ಒಂದು ಸಲ ಇಲ್ಲಿಗೆ ತಂದು ತೋರಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಹನ್ನೊಂದನೆಯ ದಿನಕ್ಕೆ ವೋಟರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಅದರಲ್ಲಿ ಚಿಕ್ಕಮುನಿಯಮ್ಮ ಯಾರೋ ಗದರಿಸಿದರೇನೋ ಎಂಬಂತೆ ಪಕ್ಕಕ್ಕೆ ನೋಡುತ್ತಿದ್ದಾರೆ. ನಮ್ಮತ್ತೆ ಹೀಗಿರಲಿಲ್ಲ ಎಂದು ಮುನಿರತ್ನಮ್ಮ ಬಂದವರಿಗೆಲ್ಲ ಹೇಳಿದರು.

ಜಯರಾಮಪ್ಪ ಈಗಲೂ ಪೇಟೆಗೆ ಹೋಗುತ್ತಾರೆ. ಚೀಲ ಹಾಸಿ ಮಾರಿದವನ ಮುಖ ಅವರಿಗೆ ನೆನಪಿಲ್ಲ. ಸುಧಾಕರನ ಅಂಗಡಿ ಬಂದರೆ ಮಾತ್ರ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಒಮ್ಮೆ ಅವನೇ ಕಂಡು, ಕ್ಯಾಮೆರಾ ಚೆನ್ನಾಗಿದೆಯೇ ಎಂದು ಕೂಗಿ ಕೇಳಿದ. ಇವರು ಕೇಳಿಸದವರಂತೆ ನಡೆದರು.