ಹೊಗೆಯಿಲ್ಲದ ಗಿರಣಿಯ ಡಿವಿಡೆಂಡ್

ಲೆಕ್ಕ ಹಾಕಿದರೆ ನಮಗೆ ತಗುಲಿದ ಖರ್ಚು ಇಷ್ಟು: ಅವ್ವನ ಚಿನ್ನದ ಪಾಟ್ಲಿ ಬಳೆ, ಧಾರವಾಡದ ಮನೆ. ಇವತ್ತು ಪುಣೆಯ ಕ್ಯಾಂಪ್ ಪೇಟೆಯ ಇಸ್ತ್ರಿ ಅಂಗಡಿಯ ಇದ್ದಿಲ ಹೊಗೆ ಮೂಗಿಗೆ ಬಡಿದಾಗ ಎಲ್ಲ ನೆನಪಾಯಿತು.

ಬ್ರಿಟಿಷರ ಕಾಲ. ಪುಣೆಯ ನಮ್ಮ ಬಾಡಿಗೆ ಮನೆಯ ಹಿಂದೆಯೇ ಬಟ್ಟೆ ಗಿರಣಿ. ಅದರ ಷೇರು ಅಪ್ಪನ ಬಳಿ ಇದ್ದವು. ಲಾಭದ ಪಾಲು, ಅಂದರೆ ಡಿವಿಡೆಂಡ್, ಬಂದಾಗೆಲ್ಲ ಅಪ್ಪ ಅದನ್ನು ವಿಠ್ಠಲನ ಮುಂದಿಟ್ಟು ಕುಂಕುಮ ಹಚ್ಚುತ್ತಿದ್ದರು. ಆ ವರ್ಷ ಪಾಲು ಇಮ್ಮಡಿಯಾಯಿತು.

"ಏನ್ರೀ, ಒಣಹಾಕಿದ ಧೋತರದ ಮ್ಯಾಲೆ ಈಗ ಚಿಮಣಿ ಮಸಿನ ಬೀಳವಲ್ದು. ಗಿರಣಿ ನಡೀಲಾರದ ಲಾಭ ಎಲ್ಲಿಂದ ಬಂತ್ರಿ?" ಅವ್ವ ಕೇಳಿದಳು.

"ಪ್ರಸಾದಕ್ಕ ಯಾರರೆ ಲೆಕ್ಕಾ ಕೇಳ್ತಾರೇನು?" ಅಪ್ಪ ನಕ್ಕರು. ಇದ್ದದ್ದೆಲ್ಲ ಮಾರಿ ಅದೇ ಗಿರಣಿಯ ಹೊಸ ಷೇರು ಕೊಂಡರು.

ಧೋತರ ಬೆಳ್ಳಗೇ ಉಳಿದವು. ಒಂದು ಬೆಳಿಗ್ಗೆ ಗಿರಣಿಗೆ ಬೀಗ ಬಿತ್ತು. ಹೊಸ ಷೇರು ಕೊಂಡವರ ದುಡ್ಡನ್ನೇ ಡೈರೆಕ್ಟರರು ಲಾಭವೆಂದು ಹಂಚಿದ್ದರಂತೆ.

ಡೈರೆಕ್ಟರರಿಗೆ ಬಂಗಲೆ ಸಿಕ್ಕಿತು, ಷೇರು ಮಾರಿಸಿದ ದಲ್ಲಾಳಿಗೆ ಕಮಿಷನ್. ಅಪ್ಪನಿಗೆ ತಮ್ಮದೇ ಹಣದ ಒಂದು ಚೂರು. ಅವ್ವನಿಗೆ ಏನೂ ಇಲ್ಲ.