ಲಕ್ಷ್ಮೇಶ್ವರದ ಮೇಲೆ ಹಾಯ್ದು ಹೈಮಾಕ್ಕೆ

ಜನವರಿ ಹನ್ನೆರಡು, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಫೆಬ್ರುವರಿ ಐದರ ಗುರುವಾರ ರಾತ್ರಿ ಅಪ್ಪ, ಅವ್ವ, ನಾನು ಮಸ್ಕತ್‌ನಲ್ಲಿ ಇಳಿಯಬೇಕು. ಸೋಮವಾರ ರಾತ್ರಿ ಮರಳಿ ವಿಮಾನ ಹತ್ತಬೇಕು. ನಡುವೆ ಕೈಯಲ್ಲಿರುವುದು ನಾಲ್ಕು ಹಗಲು. ಮೊನ್ನೆಯವರೆಗೆ ಆ ನಾಲ್ಕು ಹಗಲಿನ ಯೋಜನೆ ನನ್ನ ಹತ್ತಿರ ತಯಾರಿತ್ತು. ಇವತ್ತು ಆ ಯೋಜನೆಯೂ ಇಲ್ಲ, ಬರುತ್ತೇನೆ ಎನ್ನುವ ಅವ್ವನೂ ಇಲ್ಲ.

ಬೆಟಗೇರಿಯ ನಮ್ಮ ಓಣಿಯವರಿಗೆ ಇದು ಪ್ರವಾಸ. ಸಮುದ್ರ, ಕೋಟೆ, ದೊಡ್ಡ ಮಸೀದಿ ನೋಡಿಕೊಂಡು ಬರುತ್ತೇವೆ ಎಂದು ಅಪ್ಪ ಎಲ್ಲರಿಗೂ ಹೇಳಿಯಾಗಿದೆ. ಅವ್ವನಿಗೆ ಅದು ಯಾವುದೂ ಬೇಕಿಲ್ಲ. ಅವಳ ತಮ್ಮ, ನನ್ನ ಮಾಮಾ, ಒಮಾನಿನಲ್ಲಿ ಲಾರಿ ಓಡಿಸುತ್ತಿದ್ದ. ಏಳು ವರ್ಷದ ಹಿಂದೆ, ಮಸ್ಕತ್‌ನಿಂದ ಸಲಾಲಾಕ್ಕೆ ಹೋಗುವ ಮರಳುಗಾಡಿನ ರಸ್ತೆಯಲ್ಲಿ, ಹೈಮಾ ಎಂಬ ಊರಿನ ಸಮೀಪ ಅವನ ಲಾರಿ ರಸ್ತೆ ಬಿಟ್ಟು ಉರುಳಿತು. ಅಲ್ಲಿಯೇ ದಫನ್ ಮಾಡಿದರು. ನಮಗೆ ಬಂದದ್ದು ಒಂದು ಫೋನು, ಆಮೇಲೆ ಅವನ ಜೊತೆಗಾರ ಕಳಿಸಿದ ಒಂದು ಫೋಟೊ. ಮಣ್ಣಿನ ದಿಬ್ಬ, ತಲೆಗೊಂದು ಕಾಲಿಗೊಂದು ಕಲ್ಲು, ಹೆಸರಿಲ್ಲ. ಹಿಂದೆ ಸ್ವಲ್ಪ ದೂರದಲ್ಲಿ ನೀರಿನ ಟ್ಯಾಂಕಿ. ಆ ಜೊತೆಗಾರನ ನಂಬರು ಈಗ ಹತ್ತುವುದಿಲ್ಲ.

ನಾನು ನೌಕರಿಗೆ ಸೇರಿದ ದಿನ ಅವ್ವ ಕೇಳಿದ್ದು ಇಷ್ಟೇ: "ಒಮ್ಮೆ ಆ ಮಣ್ಣ ಮುಟ್ಟಿ ಫಾತೇಹಾ ಓದಿ ಬರೂಹಂಗ ಮಾಡು. ಮತ್ತೇನೂ ಕೇಳೂದಿಲ್ಲ."

ನಾನು ಗದಗಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ವೇಳೆ, ಅಳತೆ, ಸಂಖ್ಯೆ ಬರೆಯುವವಳಿಗೆ ಮನೆಗೆ ಬಂದ ಮೇಲೂ ಅದೇ ಚಟ. ಕಾರಿಗೆ ಪೆಟ್ರೋಲು ಹಾಕಿಸಿದ್ದು, ಓಡಿದ ಕಿಲೋಮೀಟರು, ಎಲ್ಲ ಬರೆದಿಡುತ್ತೇನೆ. ಮನೆಯಲ್ಲಿ ಕಾರು ಓಡಿಸಲು ಬರುವುದು ನನಗೊಬ್ಬಳಿಗೇ. ಹಾಗಾಗಿ ಪ್ರವಾಸದ ದಾರಿಯನ್ನು ಹಾಕಿದವಳೂ ನಾನೇ.

ಮಸ್ಕತ್‌ನಿಂದ ಹೈಮಾ ಐನೂರು ಕಿಲೋಮೀಟರಿಗೂ ಮಿಕ್ಕಿ ದೂರ. ಫೋನಿನ ನಕಾಶೆ ಆರು ತಾಸಿನೊಳಗೆ ಎಂದಿತು. ನಾನು ನಂಬಿದೆ. ಶುಕ್ರವಾರ ನಸುಕಿನಲ್ಲಿ ಹೊರಟು ಜುಮ್ಮಾ ನಮಾಜಿನ ಹೊತ್ತಿಗೆ ಹೈಮಾ, ಫಾತೇಹಾ, ಊಟ, ರಾತ್ರಿ ಮರಳಿ ಮಸ್ಕತ್. ಉಳಿದ ಮೂರು ದಿನ ಅಪ್ಪನ ಸಮುದ್ರಕ್ಕೆ ಮತ್ತು ಕೋಟೆಗೆ. ಕಾಗದದ ಮೇಲೆ ಅದು ಎಷ್ಟು ಚೆಂದ ಕೂತಿತ್ತೆಂದರೆ ಅಪ್ಪನಿಗೆ ಎರಡು ಸಲ ಓದಿ ಹೇಳಿದ್ದೆ.

ಅನುಮಾನ ಬಂದದ್ದು ನನ್ನದೇ ಹಳೆಯ ಬರಹ ನೋಡಿದಾಗ. ಗದಗಿನಿಂದ ಮುಂಡರಗಿಗೆ ಮುಕ್ಕಾಲು ತಾಸು ಎಂದು ಇದೇ ಫೋನು ಹೇಳುತ್ತದೆ. ನಾವು ಮೂವರು ಕೂತು ಹೋದಾಗ ಒಮ್ಮೆಯೂ ಒಂದೂಕಾಲು ತಾಸಿಗಿಂತ ಮೊದಲು ಮುಟ್ಟಿಲ್ಲ. ಅವ್ವನಿಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತದೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ತಾಸಿಗೊಮ್ಮೆ ಇಳಿಯಲೇಬೇಕು. ಹಾಗಾದರೆ ಅಲ್ಲಿ ಏನು ಗತಿ? ಒಮ್ಮೆ ಓಡಿಸಿ ನೋಡಿಬಿಡೋಣ ಎಂದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮತ್ತೆ ಗದಗ: ಒಂದು ಸುತ್ತು ನೂರಾ ಮೂವತ್ತು ಕಿಲೋಮೀಟರಿನ ಆಸುಪಾಸು. ನಾಲ್ಕು ಸುತ್ತು ಹಾಕಿದರೆ ಹೈಮಾ ಮುಟ್ಟಿದಂತೆ.

"ಅಲ್ಲೆ ಬಲಕ್ಕ ಓಡಸಬೇಕಲ್ಲ ಯವ್ವಾ, ಅದನ್ನ ಎಲ್ಲೆ ಕಲಿಯಾಕಿ?" ಎಂದಳು ಅವ್ವ.

"ಅದಕ್ಕೇನ್ ಕಲಿಯೂದು, ನಮ್ಮ ಮಾರ್ಕೆಟ್ಟಿನ್ಯಾಗ ಎಲ್ಲಾರೂ ದಿನಾ ಹಂಗ ಓಡಸ್ತಾರ," ಎಂದ ಅಪ್ಪ.

ನಮ್ಮದು ಅರಳೆ ಹಿಂಜಿ ಗಾದಿ ಮಾಡುವ ಮನೆತನ. ಈಗ ಹಿಂಜುವುದು ಮಷಿನ್ನು, ಆದರೂ ಹೊಲಿಯುವುದು ಅಪ್ಪನ ಕೈಯೇ. ಮಗಳು ಐನೂರು ಕಿಲೋಮೀಟರು ಕೂರುತ್ತಾಳೆಂದು ಶನಿವಾರ ಇಡೀ ಮಧ್ಯಾಹ್ನ ಕೂತು ನನ್ನ ಸೀಟಿಗೆ ಹೊಸ ಅರಳೆಯ ಗಾದಿಯೊಂದನ್ನು ಹೊಲಿದ. ಸೊಂಟಕ್ಕೂ ಬೆನ್ನಿಗೂ ಆಗುವಂಥದ್ದು. "ಒಮಾನಿಗೂ ಇದನ್ನ ಒಯ್ಯೂಣು," ಎಂದ. ಒತ್ತಿ ನೋಡಿದೆ. ಅಷ್ಟು ಮೆತ್ತಗೆ ಅವನು ಮದುವೆಯ ಗಾದಿಯನ್ನೂ ತುಂಬಿದ್ದು ಕಾಣೆ.

ಭಾನುವಾರ ನಸುಕಿನ ಐದಕ್ಕೆ ಹೊರಟೆವು. ಮೊದಲ ಸುತ್ತು ಹೂವು ಎತ್ತಿದ ಹಾಗೆ ಆಗುತ್ತಿತ್ತು, ಲಕ್ಷ್ಮೇಶ್ವರದಲ್ಲಿ ಅಪ್ಪನ ಅಕ್ಕ ಇರದಿದ್ದರೆ. ಅತ್ತಿಯ ಮನೆ ರಸ್ತೆಗೇ ಇದೆ. ನೀರು ಹಿಡಿಯುತ್ತಿದ್ದವಳು ಕಾರು ಕಂಡು ಕೊಡ ಕೆಳಗಿಟ್ಟು ನಡುರಸ್ತೆಗೇ ಬಂದು ನಿಂತಳು.

"ಬಾಗಲ ಮುಂದಿಂದ ಹಾದ ಹೊಂಟೀರಿ, ಒಂದ ಕಪ್ಪ ಚಾ ಕುಡಿಯಾಕ ಏನ್ ಜಡ?"

ಮುಕ್ಕಾಲು ತಾಸು ಹೋಯಿತು. ಎರಡನೆಯ ಸುತ್ತಿಗೆ ಅವಳು ರೊಟ್ಟಿ ಬಡಿದು ಕಾಯುತ್ತಿದ್ದಳು. ಒಮಾನಿನ ತಾಲೀಮು ಎಂದು ಅಪ್ಪ ಎಷ್ಟು ಬಿಡಿಸಿ ಹೇಳಿದರೂ ಅವಳಿಗೆ ಅದು ತಲೆಗೆ ಹೋಗಲಿಲ್ಲ. "ಒಮಾನದಾಗ ಊಟಾ ಹಾಕವ್ರು ಯಾರೂ ಇಲ್ಲೇನು? ಹಂಗಾರ ಇಲ್ಲೇ ಉಂಡ ಹೋಗ್ರಿ!" ಉಂಡೆವು. ಬದನೆಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ. ನಾನು ಎರಡು ರೊಟ್ಟಿಗೆ ಸಾಕೆಂದರೆ ಮೂರನೆಯದು ತಟ್ಟೆಗೆ ಬಿದ್ದಿತ್ತು.

ಮೂರನೆಯ ಸಲ ಶಿರಹಟ್ಟಿ ಬಸ್‌ಸ್ಟ್ಯಾಂಡಿನ ಎದುರು ಅಪ್ಪ ಇಳಿದಾಗ ಚಹಾದಂಗಡಿಯವನು ಸುಮ್ಮನಿರಲಾರದೆ ಎದ್ದು ಬಂದ.

"ಏನರೆ ಕಳಕೊಂಡೀರೇನ್ರಿ? ಮುಂಜಾನಿಯಿಂದ ಇದ ಕಾರ ತಿರಗಾಕತ್ತೈತಿ."

"ಮೈದುನನ ಹುಡಕಾಕತ್ತೇವ್ರಿ," ಎಂದ ಅಪ್ಪ. ನಗೆಯಲ್ಲಿ ಹೇಳಿದ್ದು. ಹೇಳಿದ ಮೇಲೆ ಅವನೇ ಕೆಳಗೆ ನೋಡಿದ. ಹಿಂದಿನ ಸೀಟಿನಲ್ಲಿ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಅಲ್ಲಿಂದ ಮುಂಡರಗಿಯ ಕಡೆ ಹೊರಳಿದಾಗ ಬಿಸಿಲು ಎದುರಿಗಿರಲಿಲ್ಲ, ರಸ್ತೆ ಖಾಲಿ, ಎರಡೂ ಬದಿ ಕಡಲೆಯ ಹೊಲ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಒಂದೇ ಸಮನೆ ತಿರುಗುತ್ತಿದ್ದವು. ಅಪ್ಪ ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಬೆನ್ನ ಹಿಂದೆ ಗಾದಿ ಬೆಚ್ಚಗಿತ್ತು. ಗಾಳಿಯಂತ್ರಗಳನ್ನು ಎಣಿಸಿದರೆ ಎಚ್ಚರವಿರುತ್ತದೆ ಎಂದುಕೊಂಡು ಎಣಿಸತೊಡಗಿದೆ. ಒಂಬತ್ತರವರೆಗೆ ನೆನಪಿದೆ.

ಅವ್ವ ಕೂಗಲಿಲ್ಲ. ಅವಳ ಕೈ ನನ್ನ ಹೆಗಲನ್ನು ಹಿಡಿದದ್ದು ಗೊತ್ತಾಯಿತು, ಬಳೆಗಳು ಎಲುಬಿಗೆ ಒತ್ತುವಷ್ಟು ಗಟ್ಟಿಯಾಗಿ. ಕಣ್ಣು ಬಿಟ್ಟಾಗ ಎಡಗಡೆಯ ಎರಡೂ ಗಾಲಿ ರಸ್ತೆ ಬಿಟ್ಟು ಎರೆಮಣ್ಣಿನಲ್ಲಿ ಓಡುತ್ತಿದ್ದವು. ಮುಂದೆ ಹತ್ತು ಮಾರಿಗೆ ಸಣ್ಣ ಸೇತುವೆಯ ಕಲ್ಲುಗೋಡೆ. ಬ್ರೇಕು ಒತ್ತಿದೆ. ಕಾರು ಕಡಲೆಯ ಹೊಲಕ್ಕೆ ಓರೆಯಾಗಿ ನುಗ್ಗಿ ನಿಂತಿತು. ಅಪ್ಪ ಎದ್ದು, "ಮುಂಡರಗಿ ಬಂತೇನು?" ಎಂದ.

ಯಾರಿಗೂ ಏನೂ ಆಗಿರಲಿಲ್ಲ. ಕಾರಿಗೂ ಆಗಿರಲಿಲ್ಲ. ಅವ್ವ ಇಳಿದು ಹೋಗಿ ಹೊಲದ ಬದುವಿನ ಮೇಲೆ ಕೂತಳು. ನಾನು ಹತ್ತಿರ ಹೋದಾಗ ಅವಳು ನನ್ನ ಕಡೆ ನೋಡದೆ ಹೇಳಿದಳು:

"ಅಂವಗೂ ನಿದ್ದಿ ಹತ್ತಿತ್ತಂತ. ಅವನ ಗೆಣೆಕಾರ ಫೋನಿನ್ಯಾಗ ಹೇಳಿದ್ದ. ನಿಮಗ್ಯಾರಿಗೂ ನಾ ಹೇಳಿರಲಿಲ್ಲ."

ಏಳು ವರ್ಷ ನಾವು ಟೈರು ಒಡೆದಿತ್ತು ಎಂದೇ ತಿಳಿದಿದ್ದೆವು.

"ನಿದ್ದಿಗೆಟ್ಟು ಗಾಡಿ ಓಡಸಿದ, ಹೋದ. ನೀನೂ ಅದ ರಸ್ತಾದಾಗ ಅದ ಮಾಡಾಕ ಹೊಂಟಿ. ಒಂದ ಗೋರಿ ನೋಡಾಕ ಹೋಗಿ ಇನ್ನೊಂದ ಮಾಡಿ ಬರೂದ? ಬ್ಯಾಡ. ನಾ ಬರಾಂಗಿಲ್ಲ."

ಅಪ್ಪ ಸೀಟಿನಿಂದ ಗಾದಿಯನ್ನು ಎಳೆದು ತೆಗೆದ. ಅದನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ನಿಂತ. "ಮಂದಿಗೆ ನಿದ್ದಿ ಬರಸೂದ ನಮ್ಮ ಕಸಬು," ಎಂದ. "ಮಗಳಿಗೆ ಅದನ್ನ ಮಾಡಿ ಕೊಟ್ಟೆ ನೋಡು."

ನಾಲ್ಕನೆಯ ಸುತ್ತು ಆಗಲಿಲ್ಲ. ಮೂರನೆಯದನ್ನೇ ನಾಲ್ಕು ಸಲ ನಿಂತು ನಿಂತು ಮುಗಿಸಿ ಮನೆ ಮುಟ್ಟಿದಾಗ ಸಂಜೆ ಏಳಾಗಿತ್ತು. ಹದಿನಾಲ್ಕು ತಾಸು, ನಾನೂರು ಕಿಲೋಮೀಟರಿಗೂ ಕಡಿಮೆ. ನನ್ನ ಲೆಕ್ಕದ ಪ್ರಕಾರ ನಾವು ಆ ಹೊತ್ತಿಗೆ ಹೈಮಾ ಮುಟ್ಟಿ, ಮರಳಿ ಮಸ್ಕತ್‌ಗೆ ಬಂದಿರಬೇಕಿತ್ತು. ಅವ್ವ ತನ್ನ ಪಾಸ್‌ಪೋರ್ಟನ್ನು ಟ್ರಂಕಿನ ತಳಕ್ಕೆ, ಹಳೆಯ ಕೌದಿಗಳ ಕೆಳಗೆ ಇಟ್ಟಳು. ನಾನು ನೋಡುತ್ತಿದ್ದೇನೆಂದು ಗೊತ್ತಿದ್ದೇ ಇಟ್ಟಳು.

ಟಿಕೀಟಿನ ದಿನ ಬದಲಿಸಲು ಬರುವುದಿಲ್ಲ. ಬದಲಿಸಲು ಬಂದರೂ ಫೆಬ್ರುವರಿಯಲ್ಲಿಯೇ ರಂಜಾನ್ ಶುರು. ಅದು ಮುಗಿದರೆ ಅಲ್ಲಿ ಬಿಸಿಲು, ಮತ್ತೆ ಲ್ಯಾಬಿನಲ್ಲಿ ನನಗೆ ರಜೆ ಯಾವಾಗ ಸಿಕ್ಕೀತು ಎಂದು ಯಾರಿಗೂ ಗೊತ್ತಿಲ್ಲ. ಈ ಸಲ ಆಗದಿದ್ದರೆ ಅವ್ವ ಇನ್ನೊಮ್ಮೆ ಕೇಳುವವಳಲ್ಲ. ಅದು ನನಗೆ ಗೊತ್ತು.

ಇವತ್ತು ನಸುಕಿನ ನಾಲ್ಕಕ್ಕೇ ಎದ್ದು ಬೇರೆ ಯೋಜನೆ ಬರೆದೆ. ಒಂದು ದಿನಕ್ಕೆ ಇನ್ನೂರಾ ಎಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ಇಲ್ಲ, ಊಟವಾದ ಮೇಲೆ ಒಂದು ತಾಸು ಗಾಡಿ ಮುಟ್ಟುವುದಿಲ್ಲ, ಕತ್ತಲಾದ ಮೇಲೆ ರಸ್ತೆಯಲ್ಲೇ ಇಲ್ಲ, ಅಲ್ಲಿ ಒಂಟೆಗಳು ಅಡ್ಡ ಬರುತ್ತವಂತೆ. ಶುಕ್ರವಾರ ಅರ್ಧ ದಾರಿ, ಶನಿವಾರ ಹೈಮಾ, ಭಾನುವಾರ ಮತ್ತೆ ಅರ್ಧ ದಾರಿ, ಸೋಮವಾರ ಮಸ್ಕತ್. ನಾಲ್ಕು ಹಗಲೂ ಅದಕ್ಕೇ ತೀರಿದವು. ಸಮುದ್ರವಿಲ್ಲ, ಕೋಟೆಯಿಲ್ಲ. ಅಪ್ಪನಿಗೆ ಓದಿ ಹೇಳುವಾಗ ನನ್ನ ದನಿ ಸಣ್ಣದಾಯಿತು.

"ಸಮುದ್ರ ಕಾರವಾರದಾಗೂ ಐತಿ," ಎಂದ ಅಪ್ಪ. "ಅಕಿನ್ನ ಮೊದಲ ಒಪ್ಪಸು."

ಅವ್ವ ಒಲೆಯ ಮುಂದಿದ್ದಳು. ಕೊನೆಯವರೆಗೂ ಕೇಳಿಸಿಕೊಂಡಳು. "ರಾತ್ರಿ ಎಲ್ಲೆ ಮಲಗತೀರಿ, ಊರ ಐತೋ ಇಲ್ಲೋ?" ಎಂದಳು. ನನಗೆ ಗೊತ್ತಿರಲಿಲ್ಲ. "ಅಲ್ಲೆ ಹೆಣ್ಣಮಕ್ಕಳನ ಕಬರಸ್ತಾನದಾಗ ಬಿಡತಾರೇನು?" ಗೊತ್ತಿರಲಿಲ್ಲ. "ಯಾವ ದಿಬ್ಬ ಅವಂದು ಅಂತ ಯಾರ ತೋರಸವ್ರು?" ಅದಂತೂ ಗೊತ್ತೇ ಇರಲಿಲ್ಲ. ಅವಳು ಚಹಾ ಸೋಸಿ ನನ್ನ ಮುಂದಿಟ್ಟಳು. "ಇಷ್ಟಕ್ಕ ಉತ್ತರಾ ತಾ. ಆಮ್ಯಾಲ ಟ್ರಂಕ ತಗೀತೇನಿ."

ಅದಕ್ಕೇ ಇದನ್ನು ಬರೆದು ಫೋನಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಇದನ್ನು ಓದುವವರಲ್ಲಿ ಯಾರಾದರೂ ಆ ರಸ್ತೆಯಲ್ಲಿ ಗಾಡಿ ಓಡಿಸಿದ್ದರೆ, ನಡುವೆ ಮನೆಮಂದಿ ಉಳಿಯುವಂಥ ಜಾಗ ಎಲ್ಲಿದೆ ಎಂದು ತಿಳಿಸಿ. ಬಾಡಿಗೆ ಕಾರಿಗೆ ಇಪ್ಪತ್ತೊಂದು ವಯಸ್ಸು ಸಾಕು ಎಂದು ಒಬ್ಬರು, ಇಪ್ಪತ್ತೈದು ಆಗಿರಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ನನಗೆ ಇಪ್ಪತ್ತನಾಲ್ಕು, ಖರೆ ಯಾವುದು? ಹೈಮಾದ ಕಬರಸ್ತಾನದಲ್ಲಿ ಹೆಂಗಸರಿಗೆ ಒಳಗೆ ಹೋಗಲು ಬಿಡದಿದ್ದರೆ ಗೋಡೆಯಾಚೆ ನಿಂತಾದರೂ ಕಾಣುತ್ತದೆಯೇ? ಏಳು ವರ್ಷದ ಹಿಂದೆ ಅಲ್ಲಿ ನಮ್ಮ ಕಡೆಯ ಒಬ್ಬ ಲಾರಿ ಡ್ರೈವರನ ದಫನಿಗೆ ನಿಂತವರು, ಅಥವಾ ಅವರನ್ನು ಬಲ್ಲವರು ಇದ್ದರೆ, ಫೋಟೊದಲ್ಲಿ ಇಷ್ಟು ಕಾಣುತ್ತದೆ: ನೀರಿನ ಟ್ಯಾಂಕಿಗೆ ನೀಲಿ ಬಣ್ಣ, ಏಣಿಯ ಕೆಳಗಿನ ಮೆಟ್ಟಿಲು ಮುರಿದಿದೆ, ದಿಬ್ಬದ ತಲೆಯ ಕಲ್ಲು ಬಲಕ್ಕೆ ವಾಲಿದೆ. ಗುರುತು ಹತ್ತಿದರೆ ಫೆಬ್ರುವರಿ ಐದರೊಳಗೆ ಇದರ ಕೆಳಗೇ ಬರೆಯಿರಿ. ಎರಡು ಸಾಲಾದರೂ ಸಾಕು, ಅವ್ವನಿಗೆ ಓದಿ ಹೇಳುತ್ತೇನೆ.